ಹಳದಿ ಗೆರೆಯ ಈಚೆಗೆ

ಕೇಳುಗರಿಗೆ ನಮಸ್ಕಾರ. 2019ರ ನವೆಂಬರ್‌ನಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮ ಭಾಗದ ಎಷ್ಟೋ ಯುವಕ ಯುವತಿಯರು ಅಲ್ಲಿನ ಕೆಲಸಗಳ ಬಗ್ಗೆ ನನ್ನನ್ನು ವಿಚಾರಿಸುತ್ತಾರೆ. ಅವರೆಲ್ಲರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಹಳದಿ ಗೆರೆ ಎದುರಾದಲ್ಲಿ ನಿಲ್ಲಬೇಕು.

ವಿಮಾನ ಏರಿಳಿಯುವ ದಾರಿ ರನ್‌ವೇ. ಅಲ್ಲಿಗೆ ಅದು ನೆಲದ ಮೇಲೆ ಸಾಗಿ ಬರುವ ದಾರಿ ಟ್ಯಾಕ್ಸಿವೇ. ಇವೆರಡೂ ಕೂಡುವ, ಕೆಲವೆಡೆ ಒಂದನ್ನೊಂದು ದಾಟುವ ಜಾಗ ರೈಲ್ವೆ ಗೇಟಿನಂಥದ್ದು. ಗೇಟಿನಲ್ಲಿ ಅಡ್ಡಪಟ್ಟಿ ಇಳಿದು ನಮ್ಮನ್ನು ತಡೆಯುತ್ತದೆ. ಇಲ್ಲಿ ಇರುವುದು ನೆಲದ ಮೇಲೆ ಬಳಿದ ನಾಲ್ಕು ಹಳದಿ ಗೆರೆಗಳು, ಪಕ್ಕದಲ್ಲೊಂದು ಕೆಂಪು ಫಲಕ, ದೊಡ್ಡ ನಿಲ್ದಾಣಗಳಲ್ಲಾದರೆ ಅಡ್ಡಲಾಗಿ ಉರಿಯುವ ಕೆಂಪು ದೀಪಗಳ ಸಾಲು. ನಾಲ್ಕು ಗೆರೆಗಳಲ್ಲಿ ಟ್ಯಾಕ್ಸಿವೇ ಕಡೆಯ ಎರಡು ಅಖಂಡ, ರನ್‌ವೇ ಕಡೆಯ ಎರಡು ತುಂಡು ತುಂಡು. ಅಖಂಡ ಗೆರೆ ಎದುರಾದರೆ ಕಂಟ್ರೋಲ್ ಟವರಿನ ಅಪ್ಪಣೆಯಿಲ್ಲದೆ ಯಾರ ಚಕ್ರವೂ ಅದನ್ನು ದಾಟಕೂಡದು.

ನಾನು ಟವರಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದ ಒಂದು ಮಳೆಗಾಲದ ಸಂಜೆಯನ್ನು ಹೇಳದೆ ಇರಲಾರೆ. ರನ್‌ವೇ ಪರಿಶೀಲನೆಗೆ ಹೊರಟಿದ್ದ ಜೀಪಿನ ಚಾಲಕರು ನಮ್ಮ ಸೇಡಂ ಕಡೆಯವರು. ದಾಟಲು ಅವರಿಗೆ ನಾನೇ ಅಪ್ಪಣೆ ಕೊಟ್ಟೆ. ಇಳಿಯಲು ಆಗಲೇ ಅನುಮತಿ ಪಡೆದಿದ್ದ ವಿಮಾನವೊಂದು ಆ ಕ್ಷಣ ನನ್ನ ಮನಸ್ಸಿನಿಂದ ಜಾರಿಹೋಗಿತ್ತು. ಅಪ್ಪಣೆ ಸಿಕ್ಕಿದ್ದರೂ ಅವರು ಗೆರೆಯ ಮುಂದೆ ಜೀಪು ನಿಲ್ಲಿಸಿ, ಗಾಜು ಇಳಿಸಿ, ಮಳೆಯಲ್ಲಿ ತಲೆ ಹೊರಹಾಕಿ ಎಡಬಲ ನೋಡಿದರು. ದೂರದಲ್ಲಿ ಮಸುಕಾದ ಎರಡು ದೀಪಗಳು ಕಂಡವು. ರೇಡಿಯೊದಲ್ಲಿ ಆಡಬೇಕಾದ ನಿಯಮದ ಮಾತು ಬಿಟ್ಟು, “ಸಾಹೇಬ್ರ, ದೀಪ ಕಾಣಲತ್ಯಾವ್ರಿ, ಇನ್ನೊಮ್ಮಿ ಹೇಳ್ರಿ” ಎಂದರು. ಇಳಿಯುವ ಜೆಟ್ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಸಾಗುತ್ತದೆ. ನಾನು ‘ನಿಲ್ಲಿ’ ಎಂದ ಸ್ವಲ್ಪ ಹೊತ್ತಿಗೇ ಅದು ನೀರು ಚಿಮ್ಮಿಸುತ್ತ ಅವರ ಕಣ್ಣೆದುರೇ ಹಾದುಹೋಯಿತು. ಆ ರಾತ್ರಿ ನನ್ನ ತಪ್ಪಿನ ವರದಿಯನ್ನು ನಾನೇ ಬರೆದು ಕೊಟ್ಟು, ಕೆಳಗಿಳಿದು ಅವರ ಕೈ ಹಿಡಿದುಕೊಂಡೆ. ಅಂಗಿಯ ತೋಳು ಇನ್ನೂ ಒದ್ದೆಯಿತ್ತು.

ಎಲ್ಲೆಡೆಯೂ ಹೀಗೆ ಜೀವ ಉಳಿಯುವುದಿಲ್ಲ. 1977ರ ಮಾರ್ಚ್ 27ರಂದು ಟೆನೆರಿಫೆ ದ್ವೀಪದಲ್ಲಿ ಮಂಜು ಕವಿದ ರನ್‌ವೇ ಮೇಲೆ ಒಂದು ವಿಮಾನ ಇನ್ನೂ ಸಾಗುತ್ತಿರುವಾಗಲೇ ಮತ್ತೊಂದು ಅಪ್ಪಣೆಯಿಲ್ಲದೆ ಮೇಲೇರಲು ಓಡಿ ಬಂದು ಡಿಕ್ಕಿಯಾಯಿತು. 583 ಜನ ಸತ್ತರು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ, ನಿಲ್ಲುವ ಗೆರೆಯವರೆಗೆ ಮಾತ್ರ ಬರಲು ಹೇಳಿದ್ದ ಕರಾವಳಿ ಕಾವಲು ಪಡೆಯ ವಿಮಾನ ರನ್‌ವೇ ಸೇರಿತು. ಇಳಿಯುತ್ತಿದ್ದ ಪ್ರಯಾಣಿಕರ ವಿಮಾನ ಅದಕ್ಕೆ ಡಿಕ್ಕಿಯಾಯಿತು. ಪ್ರಯಾಣಿಕರ ವಿಮಾನದ 379 ಮಂದಿಯೂ ಪಾರಾದರು. ಕಾವಲು ಪಡೆಯ ಆರು ಜನರಲ್ಲಿ ಐವರು ಉಳಿಯಲಿಲ್ಲ.

ಸಮಯ ಕಡಿಮೆಯಿದೆ. ಟವರಿನ ಅಪ್ಪಣೆಗೆ ‘ಆಯಿತು’ ಎಂದರೆ ಸಾಲದು, ತಮ್ಮ ಗುರುತಿನೊಂದಿಗೆ ಅದನ್ನು ಪೂರ್ತಿಯಾಗಿ ತಿರುಗಿ ಹೇಳಬೇಕು. ಹೇಳುವಾಗಲೇ ತಪ್ಪು ಸಿಕ್ಕಿಬೀಳುತ್ತದೆ. ಈ ಕೆಲಸಕ್ಕೆ ಬರುವ ಮಕ್ಕಳೇ, ಹಿಂದೆ ಎಷ್ಟೇ ವಿಮಾನಗಳು ಕಾದು ನಿಂತಿರಲಿ, ಎಳ್ಳಷ್ಟು ಸಂಶಯ ಬಂದರೂ ಗೆರೆಯ ಈಚೆಗೇ ನಿಂತು ಕೇಳಿ. ಕೇಳಿದ್ದಕ್ಕೆ ಯಾರಾದರೂ ಬೈದರೆ, ಬೈಯಲಿ, ನೀವು ನಿಂತೇ ಇರಿ. ನಮಸ್ಕಾರ.