ಮೊಳೆ ಹೊಕ್ಕ ಓರೆ

ಕೇಳುಗರಿಗೆ ನಮಸ್ಕಾರ.

ವಿಜಯಪುರ ಬಿಟ್ಟು ಕೊಲ್ಹಾರದ ಕಡೆ ಹೊರಟ ಬೈಕಿನ ಹಿಂದಿನ ಗಾಲಿ ಎಡಕ್ಕೂ ಬಲಕ್ಕೂ ಹೊಯ್ದಾಡಿತೆಂದರೆ ಹವಾ ಇಳಿದಿದೆ ಎಂದು ತಿಳಿಯಿರಿ. ಗಾಬರಿಯಾಗಿ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್ ಬಿಟ್ಟರೆ ಗಾಡಿ ತಾನೇ ನಿಧಾನವಾಗುತ್ತದೆ, ಆಮೇಲೆ ಬದಿಗಿಳಿಸಿ. ಎರೆಮಣ್ಣಿನಲ್ಲಿ ಸ್ಟ್ಯಾಂಡ್ ಹುಗಿಯುತ್ತದೆ, ಅಡಿಗೆ ಚಪ್ಪಟೆ ಕಲ್ಲು ಕೊಡಿ. ಮುಂದಿನ ಊರಿನವರೆಗೆ ಹೀಗೇ ಹೋದರಾಯಿತು ಎಂದು ಓಡಿಸಿದರೆ ಟೈರಿನ ಪಕ್ಕೆ ರಿಮ್ಮಿಗೆ ಸಿಕ್ಕು ಅರೆದುಹೋಗುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬ್ ಇಲ್ಲದ ಟೈರ್ ಆದರೆ ಗಾಲಿ ಬಿಚ್ಚಬೇಕಿಲ್ಲ. ಅರದಂಥ ಹಲ್ಲಿನ ಸೂಜಿ, ಕಣ್ಣಿರುವ ಸೂಜಿ, ತೂತು ಮುಚ್ಚುವ ನಾಲ್ಕೈದು ರಬ್ಬರ್ ಪಟ್ಟಿ, ಸಲ್ಯೂಷನ್ ಎಂಬ ಅಂಟು, ಬ್ಲೇಡು, ಪಕ್ಕಡ, ಕಾಲುಪಂಪು ಇಷ್ಟಿದ್ದರೆ ಸಾಕು. ಸಲ್ಯೂಷನ್ ಒಮ್ಮೆ ಬಾಯಿ ಬಿಚ್ಚಿದರೆ ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ. ಹೊರಡುವ ಮುಂಚೆ ಒತ್ತಿ ನೋಡಿ.

ಗಾಲಿ ನಿಧಾನ ತಿರುಗಿಸಿ ಹುಡುಕಿ. ಎತ್ತಿನ ಲಾಳದ ಮೊಳೆಯಾದರೆ ತಲೆ ಹೊಳೆಯುತ್ತದೆ. ಬೇಲಿಗೆಂದು ಸಾಗಿಸುವ ಜಾಲಿ ಕಂಟಿಯಿಂದ ಉದುರಿದ ಮುಳ್ಳು ಮಾತ್ರ ರಬ್ಬರಿನ ಮಟ್ಟಕ್ಕೇ ಮುರಿದು ಮರೆಯಾಗಿರುತ್ತದೆ. ಆಗ ಹವಾ ಹೊಡೆದು, ನೀರು ಸವರಿ ಗುಳ್ಳೆ ಹುಡುಕಬೇಕು. ವಾಲ್ವಿನ ಬಾಯಿಗೂ ಒಂದು ಹನಿ ಹಚ್ಚಿ. ಎಷ್ಟೋ ಸಲ ಕಳ್ಳ ಅಲ್ಲೇ ಕೂತಿರುತ್ತಾನೆ.

ಮೊಳೆ ಸಿಕ್ಕಿತೆಂದು ಕಿತ್ತೇಬಿಡಬೇಡಿ. ಮೊದಲು ಪಟ್ಟಿಯನ್ನು ಸೂಜಿಗಣ್ಣಿಗೆ ಪೋಣಿಸಿ, ಎರಡೂ ಬಾಲ ಸಮ ಮಾಡಿ, ಸಲ್ಯೂಷನ್ ಸವರಿಡಿ. ಮೊಳೆ ಇದ್ದಷ್ಟು ಹೊತ್ತು ಒಂದಿಷ್ಟು ಹವಾ ನಿಂತಿರುತ್ತದೆ. ಪೂರ್ತಿ ಮೆತ್ತಗಾದ ಟೈರು ಸೂಜಿ ಒತ್ತಿದರೆ ಒಳಕ್ಕೆ ಬಾಗುತ್ತದೆ ಹೊರತು ದಾರಿ ಬಿಡುವುದಿಲ್ಲ. ಅಂಚು ರಿಮ್ಮಿನಿಂದ ಜಾರಿತೋ, ಕಾಲುಪಂಪಿನಿಂದ ಅದನ್ನು ಮತ್ತೆ ಕೂರಿಸುವುದು ಬಹಳ ಕಷ್ಟ.

ಬಹಳ ಮಂದಿ ತಪ್ಪುವುದು ಇನ್ನು ಮುಂದೆ. ಮೊಳೆ ಎಷ್ಟೋ ಸಲ ಓರೆಯಾಗಿ ಹೊಕ್ಕಿರುತ್ತದೆ. ಪಕ್ಕಡದಿಂದ ಎಳೆಯುವಾಗ ಅದು ಯಾವ ಓರೆಯಲ್ಲಿ ಬಂತು ಎಂಬುದನ್ನು ಕಣ್ಣಲ್ಲಿ ಹಿಡಿಯಿರಿ. ಹಲ್ಲಿನ ಸೂಜಿಯನ್ನು ಅದೇ ಓರೆಯಲ್ಲಿ ತಿರುವುತ್ತ ಒತ್ತಿ, ಆರೆಂಟು ಸಲ ಒಳಗೆ ಹೊರಗೆ ಆಡಿಸಿ. ನೆಟ್ಟಗೆ ಚುಚ್ಚಿದರೆ ಒಳಗಿನ ನೂಲಿನ ಪದರಕ್ಕೆ ಎರಡನೇ ತೂತು ಬೀಳುತ್ತದೆ. ಪಟ್ಟಿ ಒಂದರಲ್ಲಿ ಕೂರುತ್ತದೆ, ಹವಾ ಇನ್ನೊಂದರಲ್ಲಿ ಸೋರುತ್ತದೆ. ಬೈಗುಳ ಮಾತ್ರ ಪಟ್ಟಿಗೆ!

ಆಮೇಲೆ ಪಟ್ಟಿ ಪೋಣಿಸಿದ ಸೂಜಿಯನ್ನು ಅದೇ ತೂತಿಗೆ, ಪಟ್ಟಿಯ ಬಾಲ ಬೆರಳಗಲ ಹೊರಗುಳಿಯುವಷ್ಟು ಒತ್ತಿ, ಸೂಜಿಯನ್ನು ತಿರುವದೆ ಒಮ್ಮೆಲೇ ಜಗ್ಗಿ. ಬಾಲವನ್ನು 2-3 ಮಿಲಿಮೀಟರ್ ಬಿಟ್ಟು ಕೊಯ್ಯಿರಿ. ಎಳೆದು ಹಿಡಿದು ಕೊಯ್ದರೆ ಪಟ್ಟಿಯೇ ಮೇಲೆದ್ದು ಬರುತ್ತದೆ. ಹವಾ ಎಷ್ಟು ಹೊಡೆಯಬೇಕೆಂಬುದು ಸಾಮಾನ್ಯವಾಗಿ ಚೈನ್ ಕವರಿನ ಹತ್ತಿರದ ಚೀಟಿಯಲ್ಲಿರುತ್ತದೆ. ಹಲವು ಬೈಕುಗಳ ಹಿಂದಿನ ಗಾಲಿಗೆ ಒಬ್ಬರಿಗಾದರೆ 28 ಪಿಎಸ್‌ಐ ಸುತ್ತ, ಇಬ್ಬರಿಗಾದರೆ ಅದಕ್ಕಿಂತ ಹೆಚ್ಚು. ಮತ್ತೆ ನೀರು ಸವರಿ ಗುಳ್ಳೆ ನೋಡಿ, ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ನಿಂತು ಇನ್ನೊಮ್ಮೆ ನೋಡಿ.

ತೂತು 6 ಮಿಲಿಮೀಟರಿಗಿಂತ ದೊಡ್ಡದಿದ್ದರೆ, ಅಥವಾ ಪಕ್ಕೆಯಲ್ಲಿದ್ದರೆ, ಪಟ್ಟಿ ಹಾಕಿ ನಂಬಬೇಡಿ. ಪಕ್ಕೆ ಪ್ರತಿ ಸುತ್ತಿಗೂ ಬಾಗುತ್ತದೆ, ಪಟ್ಟಿಯನ್ನು ಉಗುಳಿಬಿಡುತ್ತದೆ.

ಟ್ಯೂಬ್ ಇರುವ ಗಾಲಿಗೆ ಈ ಉಪಾಯ ನಡೆಯದು. ಬಿಚ್ಚಿ ಪ್ಯಾಚ್ ಹಚ್ಚಬೇಕು, ಇಲ್ಲವೇ ಟ್ಯೂಬ್ ಬದಲಿಸಬೇಕು. ಹೊಸ ಟ್ಯೂಬ್ ತುರುಕುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಜಾಲಿಮುಳ್ಳಿನ ಮೊನೆ ಇರುತ್ತದೆ. ಅದನ್ನು ಕಿತ್ತ ಮೇಲೇ ಟ್ಯೂಬ್ ಹಾಕಿ.

ನಮಸ್ಕಾರ.