ಬಾಸ್ಕೆಟ್‌ಬಾಲ್‌ನಲ್ಲಿ ಬ್ಲಾಕ್ ಆಗುವಾಗ, ಅಂದರೆ ಎದುರಾಳಿಯ ಶಾಟನ್ನು ಕೈಯಿಂದ ತಡೆಯುವಾಗ, ಚೆಂಡಿನ ಕೆಳಗೆ ಏನು ನಡೆಯುತ್ತದೆ?

[ತೆರೆಯ ಮೇಲೆ: ಒಂದು ಬ್ಲಾಕ್, ಮೊದಲು ಸಹಜ ವೇಗದಲ್ಲಿ, ಆಮೇಲೆ ನಿಧಾನಗತಿಯಲ್ಲಿ]

ಶೂಟರ್ ರಿಂಗಿನತ್ತ ಜಿಗಿದಿದ್ದಾನೆ, ಡಿಫೆಂಡರನ ಅಂಗೈ ಚೆಂಡಿಗೆ ಬಡಿದ ಸದ್ದು ಅಂಗಣದ ಆಚೆ ತುದಿಗೂ ಕೇಳಿಸಿದೆ, ಅಷ್ಟರಲ್ಲಿ ರೆಫ್ರಿಯ ಸೀಟಿ ಮೊಳಗುತ್ತದೆ. ಮುಟ್ಟಿದ್ದು ಚೆಂಡನ್ನೇ ಅಲ್ಲವೇ ಎಂಬ ಕೂಗು ಏಳುತ್ತದೆ, ಮತ್ತು ಆ ಮಾತು ನಿಜವೂ ಹೌದು. ಈಗ ಇದೇ ದೃಶ್ಯವನ್ನು ಮತ್ತೊಮ್ಮೆ ನೋಡೋಣ. ಈ ಸಲ ಚೆಂಡನ್ನು ಮರೆತು ಇಬ್ಬರ ಸೊಂಟದ ಮೇಲೆ ಕಣ್ಣಿಡಿ. ಕೈ ಚೆಂಡನ್ನು ತಲುಪುವ ಮೊದಲೇ ಡಿಫೆಂಡರನ ಸೊಂಟ ಶೂಟರನ ಪಕ್ಕೆಗೆ ತಾಗಿದೆ, ಶೂಟರನ ದೇಹ ಗಾಳಿಯಲ್ಲೇ ಓರೆಯಾಗಿದೆ, ಚೆಂಡು ಹಿಡಿದ ಅವನ ಕೈ ಕೆಳಗಿಳಿದಿದೆ. ಮೇಲೆ ಕಂಡ ಚೊಕ್ಕ ಬ್ಲಾಕ್ ಸಾಧ್ಯವಾದದ್ದೇ ಕೆಳಗಿನ ಈ ತಾಕಾಟದಿಂದ. ಆದ್ದರಿಂದ ಇದು ಫೌಲ್.

ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳಲ್ಲಿ ಇದಕ್ಕೆ ಆಧಾರವಾಗಿರುವುದು ಸಿಲಿಂಡರ್ ತತ್ವ. ಪ್ರತಿ ಆಟಗಾರನ ಸುತ್ತಲೂ ನೆಲದಿಂದ ಮೇಲಕ್ಕೆ ಏಳುವ ಒಂದು ಕಾಲ್ಪನಿಕ ಕಂಬವಿದೆ ಎಂದುಕೊಳ್ಳಿ. ಮುಂದೆ ಅಂಗೈಗಳು, ಹಿಂದೆ ಪೃಷ್ಠ, ಪಕ್ಕಗಳಲ್ಲಿ ಕೈಕಾಲುಗಳ ಹೊರ ಅಂಚು ಅದರ ಎಲ್ಲೆ. ಸರಿಯಾದ ಜಾಗವನ್ನು ಮೊದಲೇ ಹಿಡಿದ ಡಿಫೆಂಡರ್ ಆ ಕಂಬದೊಳಗೆ ನೇರವಾಗಿ ಮೇಲಕ್ಕೆ ಜಿಗಿದು ಕೈಗಳನ್ನು ನೆಟ್ಟಗೆ ಎತ್ತಿದ್ದರೆ, ಶೂಟರ್ ಬಂದು ಎಷ್ಟೇ ಜೋರಾಗಿ ಎದೆಗೆ ಅಪ್ಪಳಿಸಿದರೂ ಡಿಫೆಂಡರನದು ತಪ್ಪಲ್ಲ. ಜೋರಾದ ಡಿಕ್ಕಿಯೆಲ್ಲ ಫೌಲ್ ಅಲ್ಲ ಎಂಬುದನ್ನು ಹೊಸ ರೆಫ್ರಿಗಳು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯುತ್ತದೆ. ಬಿದ್ದವನ ಮೇಲೆ ಕನಿಕರ ಮೂಡುವುದು ಸಹಜ, ಆದರೆ ನೇರವಾಗಿ ನಿಂತವನಿಗೆ ಅದರಿಂದ ಆಗುವ ಅನ್ಯಾಯ ಸಣ್ಣದಲ್ಲ.

ಅದೇ ಡಿಫೆಂಡರ್ ಮುಂದಕ್ಕೆ ಜಿಗಿದರೆ, ಅಥವಾ ಎತ್ತಿದ ತೋಳನ್ನು ಕೊನೆಯ ಗಳಿಗೆಯಲ್ಲಿ ಮುಂದಕ್ಕೆ ಬಗ್ಗಿಸಿ ಶೂಟರನ ಮುಂಗೈಗೆ ಬಡಿದರೆ, ಅವನು ತನ್ನ ಕಂಬದಿಂದ ಹೊರಬಂದಂತೆಯೇ ಲೆಕ್ಕ.

[ತೆರೆಯ ಮೇಲೆ: ಚೆಂಡಿನ ಮೇಲಿರುವ ಬೆರಳುಗಳು ಮತ್ತು ಮಣಿಕಟ್ಟಿನ ಹತ್ತಿರದ ನೋಟ]

ಕೈಗೆ ಕೈ ತಾಗಿದ ಸಂದರ್ಭ ಇನ್ನೂ ಸೂಕ್ಷ್ಮ. ಚೆಂಡಿಗೆ ಅಂಟಿಕೊಂಡಿರುವ ಕೈಯ ಭಾಗವನ್ನು ಚೆಂಡಿನದೇ ಭಾಗವೆಂದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ನಿಯಮ ಪರಿಗಣಿಸುತ್ತದೆ. ಅಲ್ಲಿ ಬಿದ್ದ ಪೆಟ್ಟು ಫೌಲ್ ಅಲ್ಲ. ಮಣಿಕಟ್ಟಿಗೋ ಮುಂಗೈಗೋ ಬಿದ್ದು ಶಾಟ್ ಕೆಟ್ಟರೆ ಮಾತು ಬೇರೆ. ಇವೆರಡರ ನಡುವಿನ ಅಂತರ ಕೆಲವೇ ಬೆರಳುಗಳಷ್ಟು, ಮತ್ತು ಇದನ್ನು ಸದ್ದಿನಿಂದ ಅಳೆಯಲು ಹೋಗುವವರು ಮೋಸಹೋಗುತ್ತಾರೆ.

ಚೆಂಡು ದೂರ ಹಾರಿತೆಂದು ಕಣ್ಣನ್ನೂ ಅದರ ಹಿಂದೆ ಕಳಿಸಬಾರದು. ಫಿಬಾ ನಿಯಮದಂತೆ ಗಾಳಿಯಲ್ಲಿರುವ ಶೂಟರನ ಎರಡೂ ಪಾದಗಳು ನೆಲಕ್ಕೆ ಮರಳುವವರೆಗೆ ಶೂಟಿಂಗ್ ಕ್ರಿಯೆ ಮುಗಿದಿರುವುದಿಲ್ಲ. ಬ್ಲಾಕ್ ಚೊಕ್ಕವಾಗಿದ್ದರೂ ಆಮೇಲೆ ಡಿಫೆಂಡರನ ದೇಹ ಮೇಲೆ ಬಿದ್ದು ಶೂಟರ್ ಉರುಳಿದರೆ, ಶಾಟ್ ಹೊಡೆದ ಜಾಗವನ್ನು ನೋಡಿಕೊಂಡು 2 ಅಥವಾ 3 ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಅವಕಾಶ) ಕೊಡಬೇಕಾಗುತ್ತದೆ. ಇಳಿಯುವ ಕಾಲಿನಡಿ ಇನ್ನೊಬ್ಬರ ಪಾದ ಬಂದರೆ ಕಣಕಾಲೇ ಮುರಿಯಬಹುದು, ಹಾಗಾಗಿ ಈ ಭಾಗದಲ್ಲಿ ಸಡಿಲಿಕೆ ತೋರಿಸುವುದು ನನಗೆ ಸರಿಕಾಣುವುದಿಲ್ಲ.

ಹಿಂದಿನಿಂದ ಓಡಿಬಂದು ಮಾಡುವ ಬ್ಲಾಕ್ ಎಲ್ಲಕ್ಕಿಂತ ಕಷ್ಟ, ಏಕೆಂದರೆ ರೆಫ್ರಿಯೂ ಆಗ ಓಡುತ್ತಿರುತ್ತಾರೆ. 2016ರ ಎನ್‌ಬಿಎ ಫೈನಲ್ಸ್‌ನ ಏಳನೇ ಪಂದ್ಯದಲ್ಲಿ ಸ್ಕೋರ್ 89-89 ಇದ್ದಾಗ ಲೆಬ್ರಾನ್ ಜೇಮ್ಸ್ ಹೀಗೆಯೇ ಆಂಡ್ರೆ ಇಗ್ವಾಡಾಲಾ ಅವರ ಲೇಅಪ್ (ರಿಂಗಿನ ಹತ್ತಿರಕ್ಕೆ ಹೋಗಿ ಹಾಕುವ ಶಾಟ್) ತಡೆದರು. ಅಲ್ಲಿ ದೇಹ ತಾಗಿತೇ ಎಂಬುದರ ಜೊತೆಗೆ, ಚೆಂಡು ಬೋರ್ಡಿಗೆ ಮೊದಲೇ ತಾಗಿದ್ದರೆ ಗೋಲ್‌ಟೆಂಡಿಂಗ್ (ಮುಟ್ಟಬಾರದ ಹಂತದಲ್ಲಿ ಚೆಂಡನ್ನು ತಡೆಯುವ ತಪ್ಪು) ಆಗುತ್ತದಲ್ಲವೇ ಎಂಬುದನ್ನೂ ಅದೇ ಕ್ಷಣದಲ್ಲಿ ತೀರ್ಮಾನಿಸಬೇಕಿತ್ತು. ಸೀಟಿ ಮೊಳಗಲಿಲ್ಲ.

ಇಂಥ ತೀರ್ಪಿಗೆ ಬೇಕಾದದ್ದು ಇಬ್ಬರು ಆಟಗಾರರ ನಡುವಿನ ಸಂದು ಕಾಣುವ ಕೋನ. ಬೆನ್ನ ಹಿಂದೆ ನಿಂತವರಿಗೆ ಬೆನ್ನಷ್ಟೇ ಕಾಣುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಸಂದಿನಲ್ಲಿ ಮೊದಲು ತಾಗಿದ್ದು ಸೊಂಟವೋ ಕೈಯೋ ಎಂಬುದು ಬಿಡಿಸಿಟ್ಟಂತೆ ಕಾಣುತ್ತದೆ.