ಮಿಂಚು ಎಣಿಸೋ ಡಬ್ಬಿ: ಹಳೇ ರೇಡಿಯೋ ಕಾಯಿಲ್‌ನಿಂದ ಮನೇಲೇ ಮಾಡ್ಕೊಳ್ಳೋದು ಹೇಗೆ

ಮನೇಲಿ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ರೆ ಮೀಡಿಯಂ ವೇವ್‌ಗೆ ಹಾಕಿ, ಮುಳ್ಳನ್ನ 540ರ ಹತ್ತಿರ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ. ಅಶ್ವಿನಿ, ಭರಣಿ ಮಳೆ ಹೊತ್ತಲ್ಲಿ ಸಂಜೆ ಮೋಡ ಕಟ್ಟಿದಾಗ ಆ ಕೊರಕೊರ ಸದ್ದಿನ ನಡುವೆ "ಚಟ್, ಚಟಚಟ್" ಅಂತ ಕೇಳುತ್ತೆ. ಅದೇ ಮಿಂಚು. ಹದಿನೈದು ಕಿಲೋಮೀಟರ್ ಆಚೆಯ ಗುಡುಗು ಕಿವಿಗೆ ಬೀಳೋದು ಅಪರೂಪ. ರೇಡಿಯೋಗೆ ಮಾತ್ರ ಅದರ ಎಷ್ಟೋ ಪಟ್ಟು ದೂರದ್ದೂ ಸಿಗುತ್ತೆ. ಮೈಸೂರಲ್ಲಿ ಬಿಸಿಲು ಇರುವಾಗಲೇ ಚಾಮರಾಜನಗರದ ಕಡೆ ಎದ್ದ ಮೋಡ ಇಲ್ಲಿ ಚಟಪಟ ಅನ್ನೋಕೆ ಶುರು ಮಾಡಿರುತ್ತೆ.

ಈ ವಿಡಿಯೋದಲ್ಲಿ ಮಾಡ್ತಿರೋದು ಇಷ್ಟೇ: ಆ "ಚಟ್" ಅನ್ನೋದನ್ನ ಕಿವಿ ಬದಲು ಆರ್ಡುಯಿನೋ (ಕೋಡ್ ಹಾಕಿ ನಡೆಸೋ ಪುಟ್ಟ ಬೋರ್ಡು) ಎಣಿಸಬೇಕು, ಹತ್ತು ನಿಮಿಷಕ್ಕೆ ಎಷ್ಟು ಅಂತ ನಿಮ್ಮ ಮನೆಯ ಹವಾಮಾನ ಕೇಂದ್ರದ ಲೆಕ್ಕದ ಜೊತೆ ಬರೆದಿಡಬೇಕು.

ಮಿಂಚಿನ ಒಂದೊಂದು ಹೊಡೆತದಲ್ಲೂ ಸಾವಿರಾರು ಆಂಪಿಯರ್ ಕರೆಂಟ್ ಕೆಲವೇ ಮೈಕ್ರೋಸೆಕೆಂಡಲ್ಲಿ ಏರುತ್ತೆ. ಅಷ್ಟು ದಿಢೀರ್ ಅಂತ ಏರಿದ್ದಕ್ಕೆ ರೇಡಿಯೋ ಅಲೆ ಹೊರಡುತ್ತೆ. ಅದರ ಜೋರು 5ರಿಂದ 10 ಕಿಲೋಹರ್ಟ್ಸ್ ಸುತ್ತ ಜಾಸ್ತಿ, ಮೇಲಕ್ಕೆ ಹೋದಷ್ಟೂ ಕಮ್ಮಿ. ಆದ್ರೂ ನಾವು 300 ಕಿಲೋಹರ್ಟ್ಸ್ ಆರಿಸ್ಕೊಳ್ತೀವಿ. ಅಲ್ಲಿಗೆ ರೇಡಿಯೋದ ಕಾಯಿಲೇ ಸಾಕು, ಬೇರೆ ದೊಡ್ಡ ಸುರುಳಿ ಸುತ್ತೋದು ಬೇಡ. ಮೀಡಿಯಂ ವೇವ್ ಸ್ಟೇಷನ್‌ಗಳು 531ರಿಂದ ಮೇಲೆ ಶುರುವಾಗ್ತವೆ. ಬೆಂಗಳೂರು ಆಕಾಶವಾಣಿ 612ರಲ್ಲಿದೆ, ಅದರ ಕಾಟ ಇಲ್ಲಿಗೆ ಬರಲ್ಲ.

ಈಗ ಕಾಯಿಲ್. ಗುಜರಿಯಲ್ಲಿ ಸಿಗೋ ರೇಡಿಯೋದಿಂದ ಕಾಯಿಲ್ ಸುತ್ತಿರೋ ಆ ಕಪ್ಪು ಫೆರೈಟ್ ಕಡ್ಡಿನ ಹುಷಾರಾಗಿ ಬಿಚ್ಚಿ, ಬಿದ್ರೆ ಬಳಪದ ಥರ ಮುರಿಯುತ್ತೆ. ಕಡ್ಡಿ ಮೇಲೆ ಒಂದು ದೊಡ್ಡ ಸುತ್ತು, ಪಕ್ಕದಲ್ಲಿ ಏಳೆಂಟು ಸುತ್ತಿನ ಚಿಕ್ಕದೊಂದು ಇರುತ್ತೆ. ಮಲ್ಟಿಮೀಟರ್ ಹಿಡಿದ್ರೆ ದೊಡ್ಡದು ಕೆಲವು ಓಮ್ ತೋರಿಸುತ್ತೆ, ಚಿಕ್ಕದು ಒಂದಕ್ಕಿಂತ ಕಮ್ಮಿ. ಹಳೇ ಕಾಯಿಲ್‌ಗಳಲ್ಲಿ ತಂತಿ ಒಂದೇ ಎಳೆ ಅಲ್ಲ, ಕೂದಲಿನಂಥ ಹಲವು ಎಳೆಗಳು. ಬೆಸುಗೆ ಹಾಕುವಾಗ ಅಷ್ಟೂ ಎಳೆಗೆ ಸೀಸ ಹಿಡೀಬೇಕು. ಎರಡು ಮೂರು ಎಳೆ ಬಿಟ್ಟುಹೋದ್ರೆ ಕಾಯಿಲ್ ಕೆಲಸ ಮಾಡಿದ ಹಾಗೆ ಕಾಣುತ್ತೆ, ಆದ್ರೆ ದೂರದ ಮಿಂಚು ಸಿಗಲ್ಲ.

ಹಳೇ ಕಾಯಿಲ್ ಸಿಗದಿದ್ರೆ ಸುತ್ತಿಕೊಳ್ಳಿ. ಮಂಡ್ಯ ಕಡೆ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡೋ ಅಂಗಡಿಗೆ ಬರವಿಲ್ಲ. ಅಲ್ಲಿ 36 ಗೇಜ್ ಎನಾಮಲ್ ತಂತಿ ಕೇಳಿ. 10 ಮಿಲಿಮೀಟರ್ ದಪ್ಪದ ಕಡ್ಡಿ ಮೇಲೆ ಮೊದಲು ಜಾರೋ ಹಾಗೆ ಒಂದು ಕಾಗದದ ಕೊಳವೆ, ಅದರ ಮೇಲೆ ಸುಮಾರು 85 ಸುತ್ತು, ಪಕ್ಕದಲ್ಲೇ ಬೇರೆ ತಂತಿಯಲ್ಲಿ 8 ಸುತ್ತು. ತುದಿಯ ಬಣ್ಣವನ್ನ ಬ್ಲೇಡಿನಿಂದ ಪೂರ್ತಿ ಕೆರೀಬೇಕು. ಇಂಡಕ್ಟೆನ್ಸ್, ಅಂದ್ರೆ ಟ್ಯೂನಿಂಗ್‌ಗೆ ಬೇಕಾದ ಕಾಯಿಲ್ ಅಳತೆ, 600 ಮೈಕ್ರೋಹೆನ್ರಿ ಆಸುಪಾಸು ಬಂದ್ರೆ ದೊಡ್ಡ ಸುತ್ತಿನ ಎರಡೂ ತುದಿಗೆ ಅಡ್ಡಲಾಗಿ 470 ಪಿಎಫ್ (ಪಿಕೋಫ್ಯಾರಡ್) ಕೆಪ್ಯಾಸಿಟರ್, ರೇಡಿಯೋದ ಕಾಯಿಲ್ ಆಗಿದ್ದು 350 ಹತ್ತಿರ ಇದ್ರೆ 820 ಪಿಎಫ್. ಎರಡೂ 300 ಕಿಲೋಹರ್ಟ್ಸ್‌ಗೆ ಬಂದು ನಿಲ್ತವೆ. ದೊಡ್ಡ ಸುತ್ತಿನ ಒಂದು ತುದಿ ಗ್ರೌಂಡ್‌ಗೆ.

ಆಂಪ್ಲಿಫೈಯರ್‌ಗೆ ಎರಡು ಬಿಸಿ547 ಟ್ರಾನ್ಸಿಸ್ಟರ್, ಅಂದ್ರೆ ಸಿಗ್ನಲ್ ದೊಡ್ಡದು ಮಾಡೋ ಮೂರು ಕಾಲಿನ ಬಿಡಿಭಾಗ (ಕಾಲುಗಳು ಕಲೆಕ್ಟರ್, ಬೇಸ್, ಎಮಿಟರ್). ಎರಡೂ ಹಂತ ಒಂದೇ ಥರ: ಕಲೆಕ್ಟರ್‌ನಿಂದ 5 ವೋಲ್ಟ್‌ಗೆ 4.7 ಕಿಲೋಓಮ್, ಕಲೆಕ್ಟರ್‌ನಿಂದ ಬೇಸ್‌ಗೆ 1 ಮೆಗಾಓಮ್, ಎಮಿಟರ್ ಗ್ರೌಂಡ್‌ಗೆ. ಚಿಕ್ಕ ಸುತ್ತಿನ ಒಂದು ತುದಿ ಗ್ರೌಂಡ್, ಇನ್ನೊಂದು 10 ನ್ಯಾನೋಫ್ಯಾರಡ್ ಮೂಲಕ ಮೊದಲನೇ ಬೇಸ್‌ಗೆ. ಮೊದಲನೇ ಕಲೆಕ್ಟರ್‌ನಿಂದ ಎರಡನೇ ಬೇಸ್‌ಗೆ ಇನ್ನೊಂದು 10 ನ್ಯಾನೋ. ದೊಡ್ಡ ಸುತ್ತನ್ನ ನೇರ ಬೇಸ್‌ಗೆ ಕೊಡಬೇಡಿ, ಟ್ರಾನ್ಸಿಸ್ಟರ್ ಅದನ್ನ ಹೀರಿ ಟ್ಯೂನಿಂಗ್ ಚೂಪನ್ನೇ ಕೊಂದುಬಿಡುತ್ತೆ. ಎರಡನೇ ಕಲೆಕ್ಟರ್‌ನಿಂದ 1 ನ್ಯಾನೋ ಕೆಪ್ಯಾಸಿಟರ್, ಅದಾದ ಮೇಲೆ ಎರಡು ಬಿಎಟಿ85 ಡಯೋಡ್: ಒಂದು ಗ್ರೌಂಡ್‌ನಿಂದ ಆ ಕೂಡುಜಾಗಕ್ಕೆ, ಇನ್ನೊಂದು ಅಲ್ಲಿಂದ ಮುಂದಕ್ಕೆ. ಮುಂದಿನ ತುದಿಯಿಂದ ಗ್ರೌಂಡ್‌ಗೆ 10 ನ್ಯಾನೋ ಮತ್ತು 1 ಮೆಗಾಓಮ್ ಜೊತೆಜೊತೆಯಾಗಿ. ಅದೇ ತುದಿ ಆರ್ಡುಯಿನೋ ನ್ಯಾನೋದ ಎ0 ಪಿನ್‌ಗೆ. ಮಿಂಚಿನ ಹೊಡೆತ ಕ್ಷಣದಲ್ಲಿ ಮುಗಿದ್ರೂ ಈ ಜೋಡಿ ಅದನ್ನ ಸುಮಾರು 10 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತೆ, ಆರ್ಡುಯಿನೋಗೆ ಓದೋಕೆ ಅಷ್ಟು ಧಾರಾಳ. ಅಂಗಡಿಯಲ್ಲಿ ಬಿಎಟಿ85 ಇಲ್ಲದಿದ್ರೆ 1ಎನ್4148 ಹಾಕಬಹುದು, ಆದ್ರೆ ಅದು ಒಂದೊಂದಕ್ಕೂ 0.6 ವೋಲ್ಟ್ ತಿನ್ನುತ್ತೆ, ಸಣ್ಣ ಮಿಂಚು ಅಲ್ಲೇ ಉಳೀತದೆ.

ಬೆಸುಗೆ ಇಲ್ಲದೆ ಕಾಲು ಚುಚ್ಚಿ ಜೋಡಿಸೋ ಬ್ರೆಡ್‌ಬೋರ್ಡ್ ಬೇಡ. ಅದರ ಒಳಗಿನ ಪಟ್ಟಿಗಳೇ ಒಂದಕ್ಕೊಂದು ಸಿಗ್ನಲ್ ದಾಟಿಸ್ತವೆ. ಜೀರೋ ಪಿಸಿಬಿ (ಬರೀ ತೂತುಗಳಿರೋ ಬೋರ್ಡು) ಮೇಲೆ ಕಾಲುಗಳನ್ನ ಗಿಡ್ಡ ಮಾಡಿ ಬೆಸುಗೆ ಹಾಕಿ.

ಕರೆಂಟ್ ಕೊಟ್ಟ ಕೂಡಲೇ ಎರಡೂ ಕಲೆಕ್ಟರ್ ನೋಡಿ. ಎರಡರಿಂದ ಮೂರು ವೋಲ್ಟ್ ಒಳಗಿದ್ರೆ ಸರಿ. 5 ವೋಲ್ಟೇ ತೋರಿಸಿದ್ರೆ ಟ್ರಾನ್ಸಿಸ್ಟರ್ ತಿರುಗುಮುರುಗು ಆಗಿದೆ: ಚಪ್ಪಟೆ ಮುಖ ನಿಮ್ಮ ಕಡೆ ಇಟ್ಟು, ಕಾಲು ಕೆಳಗೆ ಮಾಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಒಂದು ವೋಲ್ಟ್‌ಗಿಂತ ಕೆಳಗಿದ್ರೆ 1 ಮೆಗಾಓಮ್ ತೆಗೆದು 2.2 ಹಾಕಿ.

ಹೆಚ್ಚು ಜನಕ್ಕೆ ಕೈಕೊಡೋದು ಇಲ್ಲೇ. ಎ0 ಓದು ಸುಮ್ಮನೆ 500ರ ಮೇಲೆ ಹೋಗಿ ನಿಂತುಬಿಡುತ್ತೆ, ಕಾಯಿಲ್ ದೂರ ಸರಿಸಿದ್ರೆ ಧಡಕ್ ಅಂತ ಇಳಿಯುತ್ತೆ. ಅಂದ್ರೆ ಔಟ್‌ಪುಟ್ ವಾಪಸ್ ಕಾಯಿಲ್‌ಗೆ ಹೋಗಿ ಸರ್ಕ್ಯೂಟ್ ತಾನೇ ಊಳಿಡ್ತಾ ಇದೆ. ಮೊದಲು ಚಿಕ್ಕ ಸುತ್ತಿನ ಎರಡು ತುದಿ ಅದಲುಬದಲು ಮಾಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತೆ. ಕಾಯಿಲ್‌ಗೂ ಬೋರ್ಡಿಗೂ 10 ಸೆಂಟಿಮೀಟರ್ ಅಂತರ ಇರಲಿ. ಆಂಪ್ಲಿಫೈಯರ್‌ಗೆ ಹೋಗೋ 5 ವೋಲ್ಟ್ ದಾರಿಯಲ್ಲಿ 100 ಓಮ್, ಅದರ ನಂತರ ಗ್ರೌಂಡ್‌ಗೆ 47 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋ. ಆಗಲೂ ನಿಲ್ಲದಿದ್ರೆ ಎರಡನೇ ಎಮಿಟರ್‌ಗೆ 100 ಓಮ್ ಸೇರಿಸಿ. ಗೇನ್, ಅಂದ್ರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತೆ ಅನ್ನೋದು, ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಆದ್ರೂ ಊಳಿಡೋ ಸರ್ಕ್ಯೂಟ್‌ಗಿಂತ ವಾಸಿ.

ಟ್ಯೂನ್ ಮಾಡೋಕೆ ಸಿಗ್ನಲ್ ಜನರೇಟರ್ ಬೇಕಿಲ್ಲ. ಅದೇ ನ್ಯಾನೋದ ಟೈಮರ್1 ಅನ್ನ ಕೋಡಲ್ಲಿ ಸಿಟಿಸಿ ಮೋಡ್‌ಗೆ (ಹೇಳಿದ ಅಂಕಿವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರೋ ಮೋಡ್) ಹಾಕಿ, ಪ್ರೀಸ್ಕೇಲರ್ 1, ಓಸಿಆರ್1ಎ ಬೆಲೆ 26, ಪಿನ್ 9 ಟಾಗಲ್. 296 ಕಿಲೋಹರ್ಟ್ಸ್ ಹೊರಗೆ ಬರುತ್ತೆ. ಆರ್ಡುಯಿನೋದಲ್ಲೇ ಇರೋ ಟೋನ್ ಫಂಕ್ಷನ್ ಅಷ್ಟು ಮೇಲೆ ಹೋಗಲ್ಲ, ಅದಕ್ಕೇ ಈ ದಾರಿ. ಪಿನ್ 9ಕ್ಕೆ ಒಂದಡಿ ತಂತಿ ಸಿಕ್ಕಿಸಿ ಕಾಯಿಲ್ ಹತ್ತಿರ ಬಿಡಿ, ಕಾಗದದ ಕೊಳವೆಯನ್ನ ಕಡ್ಡಿ ಮೇಲೆ ಮೆಲ್ಲಗೆ ಜಾರಿಸಿ. ಸ್ಕ್ರೀನಲ್ಲಿ ನೋಡಿ, ಓದು 40, 60, 150, 310, ಮತ್ತೆ 200ಕ್ಕೆ ಇಳೀತು. ಆ 310 ಬಂದ ಜಾಗದಲ್ಲಿ ಒಂದು ಹನಿ ಮೇಣ ಬಿಟ್ಟು ಭದ್ರ ಮಾಡಿ. ಆಮೇಲೆ ಆ ಕೋಡ್ ತೆಗೆದು, ಅಡುಗೆಮನೆ ಗ್ಯಾಸ್ ಲೈಟರ್‌ನ ಒಂದು ಮೀಟರ್ ದೂರದಿಂದ ಒತ್ತಿ. ಓದು ನೆಗೆದ್ರೆ ನಿಮ್ಮ ಡಬ್ಬಿಗೆ ಕಿವಿ ಬಂತು.

ಕೋಡಲ್ಲಿ ಎರಡೇ ಮುಖ್ಯ. ಹಿನ್ನೆಲೆ ಗದ್ದಲದ ಸರಾಸರಿಯನ್ನ ನಿಧಾನಕ್ಕೆ ಲೆಕ್ಕ ಹಾಕ್ತಾ ಇರಬೇಕು, ಓದು ಅದಕ್ಕಿಂತ 60 ಜಾಸ್ತಿ ಆದ್ರೆ ಮಾತ್ರ ಎಣಿಸಬೇಕು. ಎಣಿಸಿದ ಮೇಲೆ ಒಂದು ಸೆಕೆಂಡ್ ಸುಮ್ಮನಿರಬೇಕು. ಒಂದೇ ಮಿಂಚಲ್ಲಿ ಮೂರು ನಾಲ್ಕು ಹೊಡೆತ, ನಡುವೆ ನಲವತ್ತು ಐವತ್ತು ಮಿಲಿಸೆಕೆಂಡ್ ಬಿಡುವು ಇರೋದು ಸಾಮಾನ್ಯ. ಬಿಡುವು ಕೊಡದಿದ್ರೆ ಒಂದನ್ನೇ ನಾಲ್ಕು ಸಲ ಎಣಿಸುತ್ತೆ.

ನಿಜವಾದ ಕೆಲಸ ಇರೋದು ಸುಳ್ಳು ಮಿಂಚನ್ನ ಹೊರಗಿಡೋದ್ರಲ್ಲಿ. ಮೊಬೈಲ್ ಚಾರ್ಜರಿಂದ ಕರೆಂಟ್ ಕೊಡಬೇಡಿ, ಪವರ್ ಬ್ಯಾಂಕೂ ಬೇಡ, ಎರಡರ ಒಳಗೂ ಸ್ವಿಚಿಂಗ್ ಗದ್ದಲ. ಕೈಯಲ್ಲಿ ಹಿಡಿದ್ರೆ ಭಾರ ಅನ್ನಿಸೋ ಹಳೇ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್, ಅದರ ಮುಂದೆ 5 ವೋಲ್ಟ್‌ಗೆ ಇಳಿಸೋ 7805 ರೆಗ್ಯುಲೇಟರ್. ಎಲ್ಇಡಿ ಬಲ್ಬ್, ಇನ್ವರ್ಟರ್, ಟಿವಿಯಿಂದ ಮೂರು ಮೀಟರ್ ದೂರ. ಗದ್ದೆ ಹತ್ತಿರದ ಮನೆಯಾದ್ರೆ ಪಂಪ್‌ಸೆಟ್ ಸ್ಟಾರ್ಟರ್ ಬಿದ್ದಾಗ ಒಂದು, ಎದ್ದಾಗ ಒಂದು ಸುಳ್ಳು ಎಣಿಕೆ ಖಂಡಿತ. ತ್ರೀ ಫೇಸ್ ಬರೋ ಹೊತ್ತಿಗೆ ಸುತ್ತಮುತ್ತಲ ಮೋಟಾರ್ ಒಟ್ಟಿಗೆ ಏಳೋದ್ರಿಂದ ಆ ಕೆಲವು ನಿಮಿಷದ ಲೆಕ್ಕವನ್ನ ನಂಬಬೇಡಿ. ಆನೆ, ಹಂದಿ ತಡೆಯೋಕೆ ಹಾಕೋ ಸೋಲಾರ್ ಬೇಲಿ ಇನ್ನೊಂದು. ಅದು ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ ಮಿಡಿಯುತ್ತೆ, ಬಳ್ಳಿ ತಾಗಿ ಕಿಡಿ ಹಾರಿದ್ರೆ ಜೋರಾಗೇ ಕೇಳುತ್ತೆ. ಐದು ಎಣಿಕೆ ಸತತವಾಗಿ ಒಂದೇ ಅಂತರದಲ್ಲಿ ಬಂದ್ರೆ ಬಿಸಾಕು ಅಂತ ಕೋಡಲ್ಲಿ ಬರೀರಿ. ಮಿಂಚು ಯಾವತ್ತೂ ತಾಳ ಹಿಡಿದು ಬರಲ್ಲ.

ಫೆರೈಟ್ ಕಡ್ಡಿಗೆ ತನ್ನ ತುದಿ ನೋಡೋ ದಿಕ್ಕು ಸರಿಯಾಗಿ ಕೇಳಲ್ಲ, ಎರಡು ಪಕ್ಕ ಚೆನ್ನಾಗಿ ಕೇಳುತ್ತೆ. ಅದನ್ನೇ ಬಳಸ್ಕೊಳ್ಳಿ: ಕಡ್ಡಿ ಮಲಗಿಸಿ, ತುದಿಯನ್ನ ಸ್ಟಾರ್ಟರ್ ಪೆಟ್ಟಿಗೆ ಕಡೆಗೋ ಬೇಲಿ ಕಡೆಗೋ ತಿರುಗಿಸಿ. ಗದ್ದಲ ಎದ್ದು ಕಾಣೋ ಹಾಗೆ ಇಳಿಯುತ್ತೆ. ಡಬ್ಬಿ ಪ್ಲಾಸ್ಟಿಕ್‌ದೇ ಆಗಿರಲಿ, ಸ್ಟೀಲ್ ಡಬ್ಬಿ ಅಲೆಯನ್ನೇ ತಡೆಯುತ್ತೆ. ಹೆಂಚಿನ ಮನೆಯಲ್ಲಿ ಎಲ್ಲಿಟ್ರೂ ನಡೆಯುತ್ತೆ, ಆರ್‌ಸಿಸಿ ಮನೆಯಲ್ಲಿ ಕಿಟಕಿ ಪಕ್ಕ. ತಾರಸಿ ಮೇಲೆ ಕಂಬ ನೆಟ್ಟು ಇಡೋ ಯೋಚನೆ ಬೇಡವೇ ಬೇಡ. ಈ ಕಾಯಿಲ್‌ಗೆ ಎತ್ತರದಿಂದ ಏನೂ ಲಾಭವಿಲ್ಲ, ಸಿಡಿಲನ್ನ ತಂತಿ ಹಿಡಿದು ಮನೆಯೊಳಕ್ಕೆ ಕರ್ಕೊಂಡು ಬಂದ ಹಾಗಾಗುತ್ತೆ.

ದೂರ ಎಷ್ಟು ಅಂತ ಇದು ಹೇಳಲ್ಲ. ಹತ್ತಿರದ ಸಣ್ಣ ಮಿಂಚೂ ದೂರದ ದೊಡ್ಡ ಮಿಂಚೂ ಇದಕ್ಕೆ ಒಂದೇ. ಎಎಸ್3935 ಅನ್ನೋ ಚಿಪ್ ಇದೆ, 500 ಕಿಲೋಹರ್ಟ್ಸಲ್ಲಿ ಕೇಳಿ 40 ಕಿಲೋಮೀಟರ್‌ವರೆಗೆ ಅಂದಾಜು ಕೊಡುತ್ತೆ, ಅದೂ ಅಂದಾಜೇ, ಗದ್ದಲದ ಕಾಟ ಅದಕ್ಕೂ ತಪ್ಪಿದ್ದಲ್ಲ. ನಿಖರ ಜಾಗ ಬೇಕಂದ್ರೆ ಬೇರೆಬೇರೆ ಊರಿನ ಹಲವು ಕೇಂದ್ರಗಳು ಒಂದೇ ಮಿಂಚನ್ನ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಗುರುತು ಹಾಕಬೇಕು. ಆದ್ರಿಂದ ಹೊಲಗದ್ದೆಯಲ್ಲಿದ್ದಾಗ ಈ ಡಬ್ಬಿ ನಂಬಿ ಕೂರಬೇಡಿ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದ್ರೆ ಅದು 10 ಕಿಲೋಮೀಟರ್ ಒಳಗಿದೆ, ಗಟ್ಟಿ ಮನೆಯೊಳಗೆ ಹೋಗಿ, ಕೊನೆ ಗುಡುಗು ಕೇಳಿ 30 ನಿಮಿಷ ಆಗೋವರೆಗೂ ಹೊರಗೆ ಬರಬೇಡಿ. ಎಚ್ಚರಿಕೆಗೆ ಫೋನಲ್ಲಿ "ಸಿಡಿಲು" ಅಥವಾ "ದಾಮಿನಿ" ಆ್ಯಪ್ ಇಟ್ಕೊಳ್ಳಿ.

ಈ ಡಬ್ಬಿಯಿಂದ ಸಿಗೋದು ಏರಿಳಿತ. ಹತ್ತು ನಿಮಿಷಕ್ಕೆ ಎಷ್ಟು ಅಂತ ಒಂದು ಕಾಲಂ ಮಾಡಿ, ಪಕ್ಕದಲ್ಲೇ ಒತ್ತಡ, ತೇವಾಂಶ, ಮಳೆ ಮಾಪಕದ ಓದು. ಎರಡು, ಐದು, ಹದಿನೆಂಟು, ನಲವತ್ತು ಅಂತ ಏರ್ತಾ ಹೋದ್ರೆ ಮೋಡ ಬಲಿಯುತ್ತಿದೆ ಇಲ್ಲ ಹತ್ತಿರ ಬರ್ತಿದೆ. ನಿಮ್ಮೂರಲ್ಲಿ ಎಣಿಕೆ ಏರಿದ ಎಷ್ಟು ಹೊತ್ತಿಗೆ ಮಳೆ ಹನಿ ಬೀಳುತ್ತೆ ಅನ್ನೋದನ್ನ ಮುಂಗಾರಿಗೂ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಬರ್ಕೊಳ್ಳಿ, ಹಿಂಗಾರಿನ ಚಿತ್ತಾ, ಸ್ವಾತಿಯಲ್ಲಿ ಬೇರೆ ಹಾಳೆಯಲ್ಲಿ ಬರ್ಕೊಳ್ಳಿ. ಎರಡನ್ನ ಒಂದರಲ್ಲೇ ಬೆರೆಸಬೇಡಿ, ಆ ಕಾಲದ ಮೋಡ ಬರೋ ದಿಕ್ಕೂ ಗಾಳಿಯೂ ಬೇರೆ.